ಮೆಟ್ಟಿಲಿಲ್ಲದ ಊರಿಗೆ ಹೊರಟದ್ದು

ಎಂಬತ್ತರ ದಶಕದ ಒಂದು ಜನವರಿಯಲ್ಲಿ, ಪೀಣ್ಯದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯ ಮೂವರು ಹೆಂಗಸರು ಎಂಟು ದಿನ ರಜೆ ಹಾಕಿ ಲಕ್ಷದ್ವೀಪಕ್ಕೆ ಹೊರಟೆವು. ಜಾಲಹಳ್ಳಿ ಕ್ರಾಸಿನಿಂದ ಮೆಜೆಸ್ಟಿಕ್‌ಗೆ ಬಸ್ಸು, ಅಲ್ಲಿಂದ ಕೊಚ್ಚಿಗೆ ರೈಲು, ಕೊಚ್ಚಿಯಿಂದ ಹಡಗು. ಮೂವರ ಬೋನಸ್ಸೂ ಟಿಕೆಟ್ಟಿಗೇ ಹೋಯಿತು. ಹೋದರೆ ಹೋಗಲಿ ಎಂದುಕೊಂಡೆವು.

ಜಾಗ ಆರಿಸಿದವಳು ನಾನು. ಮೂರನೇ ವಯಸ್ಸಿನಲ್ಲಿ ಪೋಲಿಯೋ ಬಂದು ನನ್ನ ಎಡಗಾಲು ಸೊರಗಿತು. ಅಂದಿನಿಂದ ಅದಕ್ಕೆ ಕಬ್ಬಿಣದ ಪಟ್ಟಿ, ಕೈಗೊಂದು ಕೋಲು. ಕೂತು ತಾಮ್ರದ ತಂತಿಯ ಕಾಯಿಲ್ ಸುತ್ತುವ ನನ್ನ ಕೆಲಸಕ್ಕೆ ಕಾಲು ಬೇಕಿಲ್ಲ. ಅದು ಬೇಕಾಗುತ್ತಿದ್ದದ್ದು ವರ್ಷಕ್ಕೊಮ್ಮೆ ಹೊರಡುವ ಕಾರ್ಖಾನೆಯ ಟೂರಿಗೆ. ಆ ಟೂರೋ, ಬೆಟ್ಟ ಬಿಟ್ಟು ಬೇರೆಡೆಗೆ ಹೋದದ್ದೇ ಇಲ್ಲ. ಶ್ರವಣಬೆಳಗೊಳ, ಮೇಲುಕೋಟೆ, ಶಿವಗಂಗೆ, ಮೂರರಲ್ಲೂ ನಾನು ಕಂಡದ್ದು ಮೊದಲನೇ ಮೆಟ್ಟಿಲು ಮತ್ತು ಊರವರೆಲ್ಲರ ಚಪ್ಪಲಿ. "ನಾಗರತ್ನ ಹೇಗೂ ಕೂತಿರ್ತಾಳಲ್ಲ, ಬ್ಯಾಗು ನೋಡ್ಕೋತಾಳೆ" ಎಂದು ಸೂಪರ್‌ವೈಸರ್ ಹೇಳಿದ್ದೇ ತಡ, ಎಲ್ಲರೂ ಸಾಮಾನು ನನ್ನ ಮಡಿಲಿಗೆ ಸುರಿದು ಹತ್ತಿಬಿಡುತ್ತಿದ್ದರು. ಇಳಿದು ಬಂದು ಪ್ರಸಾದ ಕೊಡುತ್ತಿದ್ದರು, ಸುಳ್ಳು ಹೇಳಬಾರದು. ನನಗೆ ಹೊಟ್ಟೆ ಉರಿಯುತ್ತಿತ್ತು.

ಪತ್ರಿಕೆಯಲ್ಲೊಮ್ಮೆ ದ್ವೀಪದ ಚಿತ್ರ ಕಂಡೆ. ನೆಲವೆಲ್ಲ ಅಂಗೈಯಂತೆ ಮಟ್ಟಸ. ಸಮುದ್ರಕ್ಕೆ ಮೆಟ್ಟಿಲಿಲ್ಲವಲ್ಲ ಎಂದು ಅವತ್ತೇ ತೀರ್ಮಾನಿಸಿದೆ. ಡಿಸ್ಪ್ಯಾಚ್ ವಿಭಾಗದಲ್ಲಿ ಚೈನ್ ಪುಲ್ಲಿಯಿಂದ ಟ್ರಾನ್ಸ್‌ಫಾರ್ಮರ್ ಎತ್ತಿ ಲಾರಿಗೆ ಇಳಿಸುವ ನನ್ನ ಗೆಳತಿಯರಿಬ್ಬರೂ ಕೇಳಿದ ಕೂಡಲೇ ಹೂಂ ಅಂದರು. ಸರೋಜ ಮಾಕಳಿಯ ಒಕ್ಕಲು ಮನೆಯವಳು. ಅವಳು ದನಿ ಎತ್ತಿದರೆ ಶೆಡ್ಡಿನ ಆ ತುದಿಗೂ ಕೇಳಿಸುತ್ತದೆ. ಫಿಲೋಮಿನಾಳದು ಮಾತು ಕಡಿಮೆ, ಆದರೆ ತಮಿಳೂ ಇಂಗ್ಲಿಷೂ ಬಲ್ಲವಳು. ದ್ವೀಪದ ಪರವಾನಗಿಗೆ ಪೊಲೀಸ್ ಠಾಣೆಯ ಕಾಗದ ಬೇಕಿತ್ತು. ಅಲ್ಲಿನ ಹೆಡ್ ಕಾನ್‌ಸ್ಟೇಬಲ್ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಜೊತೆಗೆ ಗಂಡಸ್ರು ಯಾರಮ್ಮ ಬರ್ತಾರೆ?" ಎಂದರು.

"ಹಡಗು ಓಡ್ಸೋನು ಗಂಡಸೇ ಇರ್ತಾನೆ ಬಿಡಿ ಸಾರ್" ಎಂದಳು ಫಿಲೋಮಿನಾ. ಅವಳ ಬಾಯಿಂದ ಅಂಥ ಮಾತು ಬಂದದ್ದಕ್ಕೆ ಸರೋಜಳೇ ಬೆರಗಾದಳು. ಕಾಗದ ಸಿಕ್ಕಿತು.

ರೈಲು ಹತ್ತಿದ ಮರುದಿನ ಬೆಳಿಗ್ಗೆ ಕೊಚ್ಚಿಯಲ್ಲಿ ಇಳಿದಾಗ ಬೆಂಗಳೂರಿನ ಚಳಿಗೆ ಹಾಕಿದ್ದ ಸ್ವೆಟರು ಮೈಗೆ ಅಂಟಿತ್ತು. ಮಧ್ಯಾಹ್ನ ಹಡಗು ಹತ್ತಿದೆವು. ಹತ್ತುವ ದಾರಿ ಇಳಿಜಾರಿನ ಹಲಗೆ. ಕೋಲೂರಿಕೊಂಡು ಯಾರ ಹಂಗೂ ಇಲ್ಲದೆ ಒಳಗೆ ಹೋದೆ. ನಮ್ಮದು ಕೆಳಗಿನ ಅಂತಸ್ತಿನಲ್ಲಿ ಮಲಗುವ ಬಂಕು. ಡೀಸೆಲ್ ವಾಸನೆ, ಗರಗರ ತಿರುಗುವ ಫ್ಯಾನು. ದಡ ಮರೆಯಾದದ್ದೇ ಸರೋಜ ವಾಂತಿ ಶುರುಮಾಡಿದಳು. ಅವಳ ಅಮ್ಮ ಕಟ್ಟಿಕೊಟ್ಟಿದ್ದ ಚಕ್ಕುಲಿಯನ್ನು ನಾನೂ ಫಿಲೋಮಿನಾ ಮುಗಿಸಿದೆವು. ಹಡಗು ಓಲಾಡಿದಾಗಲೆಲ್ಲ ಎರಡು ಕಾಲು ನೆಟ್ಟಗಿದ್ದವರೇ ಗೋಡೆ ಹಿಡಿಯುತ್ತಿದ್ದರು. ನಾನು ಆರಾಮಾಗಿದ್ದೆ. ನೆಲ ಓಲಾಡುವುದು ನನಗೇನು ಹೊಸತೇ?

ಮಾರನೇ ಬೆಳಿಗ್ಗೆ ಕಲ್ಪೇನಿ ದ್ವೀಪ ಕಂಡಿತು. ಹಸಿರು ನೀರು, ಬಿಳಿ ಮರಳು, ತೆಂಗು. ಆದರೆ ಹಡಗು ದಡಕ್ಕೆ ಹೋಗಲೇ ಇಲ್ಲ, ಹವಳದ ದಿಬ್ಬದ ಆಚೆಗೇ ನಿಂತಿತು. ಸಣ್ಣ ದೋಣಿಗಳು ಬಂದವು. ಹಡಗಿನ ಪಕ್ಕದಲ್ಲೊಂದು ಬಾಗಿಲು ತೆರೆದರು. ಕೆಳಗೆ ದೋಣಿ ಆಳೆತ್ತರ ಏರುವುದು, ಆಳೆತ್ತರ ಇಳಿಯುವುದು. ಜನ ಅದಕ್ಕೆ ಹಾರಬೇಕು. ಮೆಟ್ಟಿಲೇ ಇಲ್ಲದ ಊರು ಹುಡುಕಿ ಬಂದವಳಿಗೆ ಸರಿಯಾದ ಪೂಜೆಯಾಯಿತು.

ಬಿಳಿ ಸಮವಸ್ತ್ರದ ಅಧಿಕಾರಿಯೊಬ್ಬ ನನ್ನ ಕೋಲು ನೋಡಿ ಫಿಲೋಮಿನಾಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ.

"ನೀನು ಇಲ್ಲೇ ಇರ್ಬೇಕಂತೆ" ಎಂದಳು ಅವಳು. "ಮೇಲೆ ಕುರ್ಚಿ ಹಾಕಿಸ್ಕೊಡ್ತಾರಂತೆ. ಅಲ್ಲಿಂದ ಚೆನ್ನಾಗಿ ಕಾಣುತ್ತಂತೆ."

ಅಷ್ಟರಲ್ಲಿ ಸಾಲಿನಲ್ಲಿದ್ದ ಹೆಂಗಸೊಬ್ಬಳು ಮುಗುಳ್ನಕ್ಕು, ತನ್ನ ಚೀಲವನ್ನು ನನ್ನ ಕಾಲ ಬುಡದಲ್ಲಿಟ್ಟಳು. ಪರಿಚಯವಿಲ್ಲ, ಭಾಷೆ ಗೊತ್ತಿಲ್ಲ, ಆದರೂ ನಾನು ಯಾರೆಂದು ಅವಳಿಗೂ ಗೊತ್ತಾಗಿಬಿಟ್ಟಿತ್ತು. ನನಗೆ ಅಳು ಬರಲಿಲ್ಲ, ರೇಗಿಹೋಯಿತು. ಚೀಲವನ್ನು ಅವಳ ಕೈಗೇ ವಾಪಸು ಕೊಟ್ಟೆ.

"ಕುರ್ಚಿ ಮೇಲೆ ಕೂರೋದಾಗಿದ್ರೆ ಪೀಣ್ಯದಲ್ಲೇ ಕೂರ್ತಿದ್ದೆ ಅಂತ ಹೇಳು."

ಅಧಿಕಾರಿ ಹೋಗಿ ಕಾಗದವೊಂದನ್ನು ತಂದ. ಏನಾದರೂ ಆದರೆ ನಾನೇ ಹೊಣೆ ಎಂದು ರುಜು ಹಾಕಬೇಕಂತೆ. ಎಲ್ಲರಿಂದಲೂ ಬರೆಸಿಕೊಂಡಿರಾ ಎಂದು ಫಿಲೋಮಿನಾಳಿಂದ ಕೇಳಿಸಿದೆ. ಇಲ್ಲ, ನನ್ನೊಬ್ಬಳಿಂದ. ಹಾಗಾದರೆ ಸಾಧ್ಯವಿಲ್ಲ ಎಂದೆ. ಹಿಂದಿದ್ದ ಜನ ಗೊಣಗತೊಡಗಿದರು. ಆಗ ಫಿಲೋಮಿನಾ ಸುಮ್ಮನೆ ಅವನ ಜೇಬಿನ ಪೆನ್ನು ತೆಗೆದುಕೊಂಡು ತನ್ನ ಹೆಸರು ಬರೆದಳು. ಸರೋಜ ಅದರ ಕೆಳಗೆ ಕನ್ನಡದಲ್ಲಿ ಬರೆದಳು.

"ಈಗ ನೀನೊಬ್ಳೇ ಅಲ್ಲ, ರುಜು ಆಕು" ಎಂದಳು. ಮೂರನೆಯವಳಾಗಿ ಹಾಕಿದೆ.

ಇಬ್ಬರು ನಾವಿಕರು ನನ್ನನ್ನು ಎತ್ತಲು ಬಂದರು. ಬೇಡ, ನಾನೇನು ಮೂಟೆಯಲ್ಲ ಎಂದೆ. ಸರೋಜ ಬಾಗಿಲಲ್ಲಿ ನಿಂತು ದೋಣಿಯನ್ನೇ ನೋಡುತ್ತಿದ್ದಳು.

"ಇದು ನಮ್ ಚೈನ್ ಪುಲ್ಲಿ ಇದ್ದಂಗೇ ಕಣೇ. ತೂಗಾಡೋ ಲೋಡ್ನ ನಾವ್ ಇಡಿಯಾಕೆ ಓಗ್ತೀವಾ? ಅದೇ ನಮ್ ಅತ್ರ ಬರೋಗಂಟ ಕಾಯ್ತೀವಿ. ನೀನು ಒಸ್ಲು ಮೇಲೆ ಕೂತ್ಕೋ. ಸಮುದ್ರಾನೇ ದೋಣಿ ತಂದ್ಕೊಡ್ಲಿ."

ಅವಳು ದೋಣಿಗೆ ಹಾರಿದಳು. ನಾನು ಹೊಸ್ತಿಲ ಮೇಲೆ ಕಾಲು ಇಳಿಬಿಟ್ಟು ಕೂತೆ. ಹಿಂದಿನಿಂದ ಫಿಲೋಮಿನಾ ನನ್ನ ಕಂಕುಳಿಗೆ ಕೈ ಕೊಟ್ಟಳು. ಒಂದು ಅಲೆ ಬಿಟ್ಟೆವು, ಇನ್ನೊಂದು ಬಿಟ್ಟೆವು. ಭಯವಾಗುತ್ತಿತ್ತು, ಕೆಳಗಿನ ನೀರು ಕಪ್ಪಗಿತ್ತು. ಮೂರನೆಯದು ದೊಡ್ಡದು ಬಂತು, ದೋಣಿ ಹೊಸ್ತಿಲ ಮಟ್ಟಕ್ಕೆ ಎದ್ದಿತು. "ಬಿಡು!" ಎಂದು ಸರೋಜ ಶೆಡ್ಡಿನಲ್ಲಿ ಕೂಗುವಂತೆ ಕೂಗಿದಳು. ನಾನು ಒಂದು ಗೇಣು ಮುಂದೆ ಸರಿದೆ, ಅಷ್ಟೆ. ದೋಣಿಯಲ್ಲಿ ಕೂತಿದ್ದೆ. ನಮ್ಮ ನಂತರ ಹಾರಿದ ಪ್ಯಾಂಟು ಷರಟಿನ ಸಾಹೇಬರು ಮುಗ್ಗರಿಸಿ ಕನ್ನಡಕ ಕಳೆದುಕೊಂಡರು.

ದ್ವೀಪದಲ್ಲಿ ಎಳನೀರು ಕುಡಿದೆವು, ಮೀನು ಸಾರಿನಲ್ಲಿ ಅನ್ನ ಉಂಡೆವು. ಆಮೇಲೆ ಪಟ್ಟಿ ಬಿಚ್ಚಿಟ್ಟು ನಾನು ಸೊಂಟದವರೆಗಿನ ನೀರಿನಲ್ಲಿ ಕೂತೆ. ಬೆಚ್ಚನೆಯ ನೀರು. ಎಡಗಾಲು ತಾನಾಗಿ ಮೇಲೆದ್ದು ತೇಲಿತು, ಬಲಗಾಲಿನ ಪಕ್ಕದಲ್ಲೇ. ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಫಿಲೋಮಿನಾ ಓಡಿಬಂದಳು. ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಸಂಜೆ ಅದೇ ರೀತಿ, ಅಲೆ ಕಾದು, ದೋಣಿಯಿಂದ ಹಡಗಿನ ಹೊಸ್ತಿಲಿಗೆ ಸರಿದು ಕೂತೆ. ಅಧಿಕಾರಿ ಹಗ್ಗ ಹಿಡಿದು ನಿಂತಿದ್ದ.

ಸೋಮವಾರ ಮೊದಲನೇ ಪಾಳಿಗೆ ಪೀಣ್ಯದಲ್ಲಿದ್ದೆವು. ಮೂವರೂ ಕರ್ರಗೆ ಸುಟ್ಟುಹೋಗಿದ್ದೆವು. ಸೂಪರ್‌ವೈಸರ್ ನನ್ನ ಮೇಜಿನ ಬಳಿ ನಿಂತು, ನಿಜವಾದ ಕನಿಕರದಿಂದಲೇ ಕೇಳಿದರು: "ಪಾಪ, ನೀನು ಹಡಗಲ್ಲೇ ಕೂತು ನೋಡಿರ್ಬೇಕು ಅಲ್ವೇನಮ್ಮ? ಅಲ್ಲಿಂದ ದ್ವೀಪ ಹೇಗೆ ಕಾಣ್ತಿತ್ತು?"

ಕಾಯಿಲಿನ ತಂತಿ ಎಳೆದು ಬಿಗಿ ಮಾಡಿದೆ.

"ಅದು ಗೊತ್ತಿಲ್ಲ ಸಾರ್" ಎಂದೆ. "ದ್ವೀಪದಿಂದ ನೋಡಿದ್ರೆ ನಮ್ ಹಡಗು ಬೆಂಕಿಪೊಟ್ಟಣದಷ್ಟಿತ್ತು."