ಹುಂಜಕ್ಕೆ ಕಣ್ಣು ಬಿತ್ತೋ, ಬಂತೋ?

ಅಂಗಳಕ್ಕೆ ಬಂದು ನೋಡಿದರೆ ನನ್ನ ಹೆಂಡತಿ ನಮ್ಮ ಹುಂಜಕ್ಕೆ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುತ್ತಿದ್ದಳು. ಮೊದಲೇ ಅದರ ಒಂದು ಕಣ್ಣು ಊದಿ ಮುಚ್ಚಿತ್ತು, ಮೂಗು ಸೋರುತ್ತಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ಆ ಘಾಟಿಗೆ ಕೊರಳು ಚಾಚಿ ಬಾಯಿ ತೆರೆದೇಬಿಟ್ಟಿತು. ಇನ್ನೇನು ಸತ್ತಿತು ಎಂದುಕೊಂಡೆ.

"ಏ ಹುಚ್ಚಿ, ಅದಕ್ಕ ಕಣ್ಣು ಬಂದಾವ, ನೆಗಡಿ ಆಗೈತಿ. ಹೊಗಿ ಹಾಕಿ ಕೊಲ್ಲಬ್ಯಾಡ!"

"ನೀವು ಸುಮ್ನಿರ್ರಿ. ಇಂಥ ಹುಂಜ ಗೊರೇಬಾಳದಾಗ ಇಲ್ಲಂತ ಊರೆಲ್ಲ ಸಾರೀರಿ. ಮಂದಿ ಕಣ್ಣು ಬೀಳದ ಇರ್ತಾವ?"

ಸಾರಿದ್ದು ನಿಜ. ಅಂಥ ಹುಂಜ ಇನ್ನೊಂದು ಇದ್ದರೆ ತೋರಿಸಿ! ಬುಟ್ಟಿಯಲ್ಲಿ ಇಟ್ಟುಕೊಂಡು ಸಿಂಧನೂರಿನ ದನದ ದವಾಖಾನೆಗೆ ಓಡಿದೆ. ಹೊಗೆ, ದೂಳು ತಾಕಿಸಬೇಡಿ, ಬೇರೆ ಕೋಳಿಗಳ ಜೊತೆ ಬಿಡಬೇಡಿ ಎಂದು ಹೇಳಿ ಡಾಕ್ಟರು ಔಷಧಿ ಕೊಟ್ಟರು. ಬೆಚ್ಚನೆಯ ನೀರಲ್ಲಿ ಹತ್ತಿ ಅದ್ದಿ ದಿನಾ ಕಣ್ಣು ಒರೆಸಿದವನು ನಾನು. ಕುಡಿಯುವ ನೀರಿಗೆ ಔಷಧಿ ಬೆರೆಸಿದವನೂ ನಾನೇ.

ಈಗ ಹುಂಜ ಮತ್ತೆ ಓಣಿಯನ್ನೆಲ್ಲ ಎಬ್ಬಿಸುತ್ತಿದೆ. ಹೆಸರು ಮಾತ್ರ ಮೆಣಸಿನಕಾಯಿಗೆ! ಮೊನ್ನೆ ಪಕ್ಕದ ಮನೆಯ ಅಮರಮ್ಮ ಸೀನುವ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ನನ್ನ ಹೆಂಡತಿಯನ್ನು ಹುಡುಕಿ ಬಂದಳು. ಹುಂಜ ವಾಸಿಯಾದದ್ದು ಔಷಧಿಯಿಂದ ಎಂದೆ.

"ಮಾವ, ನಿಮ್ಮ ಚ್ಯಾಷ್ಟಿ ನನಗ ಗೊತ್ತಿಲ್ಲೇನು?" ಎಂದು ನಕ್ಕಳು.

ಇಷ್ಟು ವರ್ಷ ನನ್ನ ಸುಳ್ಳನ್ನೆಲ್ಲ ನಂಬಿದ ಊರು, ಒಂದು ನಿಜ ಹೇಳಿದರೆ ನಂಬುವುದಿಲ್ಲ! ಸಾಕಾಗಿ, "ಸಿಂಧನೂರಿನ ಡಾಕ್ಟರು ದೃಷ್ಟಿ ತಗಿಯೂದ್ರಾಗ ಭಾರಿ ಹುಷಾರ್ ಅದಾರ" ಎಂದೆ. ಕೋಳಿ ಸಮೇತ ಆಟೋ ಹತ್ತಿದಳು.