ಸಾಲ್ಮಿಯಾದ ಒಂದು ಬಟ್ಟಲು ಫೋ

ಮಂಗಳೂರಿನಿಂದ ಕುವೈತಿಗೆ ವಿಮಾನದಲ್ಲಿ ನಾಲ್ಕು ಗಂಟೆಗಿಂತ ತುಸು ಹೆಚ್ಚಿನ ದಾರಿ. ತಂಗಿ ಲವೀನಾಳ ಬಾಣಂತನಕ್ಕೆಂದು ವೀಸಾ ಮಾಡಿಸಿಟ್ಟಿದ್ದೆ. ಎಂಟನೇ ತಿಂಗಳಲ್ಲಿ ಅವಳ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಅದೇ ವೀಸಾದಲ್ಲಿ ನಾನು ಹೊರಟೆ.

ಕರೆದೊಯ್ಯಲು ಅವಳ ಗಂಡ ರೋಶನ್ ಬಂದಿದ್ದ. ಕಾರಿನಲ್ಲಿ ಕೂತ ಮೇಲೆ ಹೇಳಿದ, "ಅಕ್ಕ, ಮಗುವಿನ ಮಾತು ಎತ್ತಬೇಡಿ. ಅವಳು ತಡ್ಕೊಳ್ಳುವುದಿಲ್ಲ."

ರಿಗ್ಗೈ ಬಡಾವಣೆಯ ಅವರ ಮನೆಯಲ್ಲಿ ಕಿಟಕಿ ತೆರೆಯುವಂತಿರಲಿಲ್ಲ, ಹೊರಗೆ ಅಷ್ಟು ಧೂಳು. ರೋಶನ್ ಬೆಳಿಗ್ಗೆಯೇ ಶುವೈಖ್‌ನ ಗೋದಾಮಿಗೆ ಕೆಲಸಕ್ಕೆ ಹೋಗುತ್ತಿದ್ದ. ನಾನು ಗಂಜಿ ಮಾಡಿದೆ, ಬಂಗುಡೆ ಸಾರು ಮಾಡಿದೆ. ಲವೀನಾ ಬಟ್ಟಲನ್ನು ಹಾಗೆಯೇ ಸರಿಸುತ್ತಿದ್ದಳು. ಏನು ಬೇಕು ಎಂದು ಕೇಳಿದಾಗ "ಫೋ" ಅಂದಳು. ಫೋನ್ ಇರಬೇಕೆಂದು ನಾನು ಮೊಬೈಲ್ ತಂದುಕೊಟ್ಟೆ. ಅವಳು ಇನ್ನೇನು ನಗುವುದರಲ್ಲಿದ್ದಳು, ಆದರೆ ನಗಲಿಲ್ಲ. ಅದು ವಿಯೆಟ್ನಾಮಿನವರ ದನದ ಮಾಂಸದ ಸೂಪಂತೆ, ಬಸುರಿಯಾಗಿದ್ದಾಗ ಅವಳಿಗೆ ಸೇರುತ್ತಿದ್ದದ್ದು ಅದೊಂದೇ.

ಮೊದಲು ಹತ್ತಿರದ ಮಾಲ್‌ಗೆ ಹೋದೆವು. ಅಲ್ಲಿನ ಸೂಪು ಸಿಹಿ ಸಿಹಿ. ಅವಳು ಎರಡು ಚಮಚ ಕುಡಿದು "ಇದಲ್ಲ" ಅಂದಳು. ಅಲ್ಲಿಂದ ಟ್ಯಾಕ್ಸಿಯಲ್ಲಿ ಮೂರು ದಿನಾರ್ ಕೊಟ್ಟು ಸಾಲ್ಮಿಯಾಕ್ಕೆ ಹೋದೆವು. ಒಂದು ಹಳೇ ಕಟ್ಟಡದ ಕೆಳಗೆ ನಾಲ್ಕೈದು ಮೇಜಿನ ಅಂಗಡಿ. ಬಾಗಿಲಲ್ಲೇ ಚಕ್ರಮೊಗ್ಗು, ಸುಟ್ಟ ಶುಂಠಿಯ ಪರಿಮಳ. ಬಟ್ಟಲಲ್ಲಿ ಅಗಲವಾದ ಅಕ್ಕಿ ಶ್ಯಾವಿಗೆ, ಕಾಗದದಷ್ಟು ತೆಳ್ಳಗೆ ಕೊಯ್ದ ಮಾಂಸ. ಮೇಲಿಂದ ಕುದಿಯುವ ಸಾರು ಹೊಯ್ದರೆ ಮಾಂಸ ಅಲ್ಲೇ ಬೇಯುತ್ತದೆ.

ಅಡುಗೆಯ ಹೆಂಗಸು ವಿಯೆಟ್ನಾಮಿನವಳು, ಐವತ್ತು ದಾಟಿರಬೇಕು. ಬಸುರಿಯಾಗಿದ್ದಾಗ ಅಲ್ಲಿಗೆ ಬರುತ್ತಿದ್ದ ಲವೀನಾಳ ಗುರುತು ಹಿಡಿದು ಆಕೆಯ ಮುಖ ಅರಳಿತು. ಹರಕು ಇಂಗ್ಲಿಷಿನಲ್ಲಿ ಕೇಳಿದಳು, "ಮಗು ಎಲ್ಲಿ? ಗಂಡೋ, ಹೆಣ್ಣೋ?"

ನಾನು ಮಾತು ತಪ್ಪಿಸಲು ಮೆನು ಕೇಳಿದೆ. ಲವೀನಾ ನನ್ನ ಕೈ ಹಿಡಿದು ತಡೆದಳು.

"ಹೆಣ್ಣು. ಉಳಿಯಲಿಲ್ಲ."

ಹೆಂಗಸು ಕೈ ಒರೆಸಿಕೊಂಡು ಅವಳ ಪಕ್ಕದಲ್ಲಿ ಕೂತಳು. "ತಲೆಯಲ್ಲಿ ಕೂದಲಿತ್ತಾ?" ಎಂದು ಕೇಳಿದಳು.

"ತುಂಬ ಇತ್ತು. ಕಪ್ಪು, ಗುಂಗುರು." ಲವೀನಾ ಅಳತೊಡಗಿದಳು. ಅಳುತ್ತಲೇ ಮಗುವಿನ ಮೂಗು, ಬೆರಳು, ಎಲ್ಲ ಹೇಳಿದಳು. ನರ್ಸ್ ಮಗುವನ್ನು ಅವಳ ಕೈಗೆ ಸ್ವಲ್ಪ ಹೊತ್ತು ಕೊಟ್ಟಿದ್ದರಂತೆ. ನನಗದು ಗೊತ್ತೇ ಇರಲಿಲ್ಲ. ನಾನು ಬಂದ ಮೇಲೆ ಅವಳು ಒಂದು ಬಟ್ಟಲನ್ನು ಪೂರ್ತಿ ಮುಗಿಸಿದ್ದು ಅಂದೇ.

ರಾತ್ರಿ ಊಟಕ್ಕೆ ಕೂತಾಗ ಅವಳೇ ರೋಶನ್‌ಗೆ ಹೇಳಿದಳು, "ಅವಳನ್ನು ಎಲ್ಲಿ ಮಲಗಿಸಿದ್ದೀರಿ, ನನಗೆ ತೋರಿಸಿ." ಮಗುವನ್ನು ಮಣ್ಣು ಮಾಡಿದಾಗ ಅವಳು ಆಸ್ಪತ್ರೆಯಲ್ಲಿದ್ದಳು, ಅವನೊಬ್ಬನೇ ಹೋಗಿದ್ದ. ಶುಕ್ರವಾರ ರಜೆಯಲ್ಲಿ ಮೂವರೂ ಸಿಮಿಟ್ರಿಗೆ ಹೋದೆವು. ದಿಬ್ಬ ಎಷ್ಟು ಚಿಕ್ಕದೆಂದರೆ ರೋಶನ್ ತೋರಿಸುವವರೆಗೆ ನಮಗೆ ಕಾಣಲೇ ಇಲ್ಲ. ತೋರಿಸಿದವನು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತ. ಲವೀನಾ ಅವನ ಹೆಗಲು ಹಿಡಿದು ನಿಂತಳು. ನಾನು ದೂರ ಸರಿದೆ.

ನಾನು ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಅವಳು ನನ್ನನ್ನು ತಬ್ಬಿಕೊಂಡು ಹೇಳಿದಳು, "ಊರಲ್ಲಿ ಕೇಳಿದರೆ ಮಕ್ಕಳಾಗಲಿಲ್ಲ ಅನ್ನಬೇಡ ಅಕ್ಕ. ಒಬ್ಬಳು ಮಗಳಿದ್ದಳು ಅನ್ನು."

ಹಾಗೆಯೇ ಹೇಳುತ್ತಿದ್ದೇನೆ.