ಅತ್ತೆ ಹೊಯ್ದ ಕಾಯಿನೀರು

ಕಾಪುವಿನ ನನ್ನ ಸೋದರಮಾವನ ಮೀನುಗಾರಿಕೆ ದೋಣಿಯ ಇಂಜಿನ್ ಒಮ್ಮೆ ನಡುಕಡಲಲ್ಲಿ ಅತಿಯಾಗಿ ಕಾದು ನಿಂತೇಬಿಟ್ಟಿತು. ಗಾಳಿ ಎಳೆದತ್ತ ತೇಲುತ್ತಿದ್ದವರನ್ನು ಬೇರೆ ದೋಣಿಯವರು ದಡಕ್ಕೆ ಎಳೆದು ತರುವಷ್ಟರಲ್ಲಿ ಮನೆಯಲ್ಲಿ ಕಾಯುತ್ತಿದ್ದ ಅತ್ತೆ ಅರೆಜೀವವಾಗಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳವು. ಮಣಿಪಾಲದಲ್ಲಿ ಇಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ನಾನು, ಇಂಜಿನ್ ಮಿತಿಮೀರಿ ಬಿಸಿಯಾದರೆ ಕೂಗಿ ಹೇಳುವ ಡಬ್ಬಿಯೊಂದನ್ನು ಮಾಡಿಕೊಡುತ್ತೇನೆಂದು ಜಂಬದಿಂದಲೇ ಒಪ್ಪಿಕೊಂಡೆ.

ಮೊದಲ ಡಬ್ಬಿ ಕಡಲನ್ನೇ ಕಾಣಲಿಲ್ಲ. ದೋಣಿಗೆ ಹೊಸದೇನು ಬಂದರೂ ಕುಂಕುಮ ಹಚ್ಚಿ ಕಾಯಿ ಒಡೆಯುವುದು ಅತ್ತೆಯ ಕ್ರಮ. ಕಾಯಿನೀರನ್ನು ಡಬ್ಬಿಯ ನೆತ್ತಿಗೇ ಹೊಯ್ದರು. ಒಳಗೆ ಚುರ್ರೆಂದು ಎಲ್ಲ ಮುಗಿಯಿತು.

“ಎಂತ ಮಾರಾಯ್ತಿ, ಕಾಯಿನೀರಿಗೇ ಸತ್ತದ್ದು ಉಪ್ಪುನೀರಿಗೆ ಉಳಿಯಲಿಕ್ಕುಂಟಾ?” ಎಂದು ಮಾವ ನನ್ನನ್ನು ನೋಡಿ ನಕ್ಕರು.

ನನಗೆ ಮೈ ಉರಿಯಿತು. ಅತ್ತೆ ಮಾತ್ರ ತಪ್ಪು ಮಾಡಿದವರಂತೆ ಮೂಲೆಯಲ್ಲಿ ಕೂತಿದ್ದರು; ಅವರನ್ನು ನೋಡಿ ಸಿಟ್ಟು ಇಳಿಯಿತು.

ಎರಡನೆಯದು ಕಡಲಿಗೆ ಹೋಯಿತು. ಆದರೆ ಇಂಜಿನ್ ಪಕ್ಕದ ಸೆಕೆಗೆ ಅದರ ಜರ್ಮೇನಿಯಂ ಟ್ರಾನ್ಸಿಸ್ಟರಿಗೇ ತಲೆಕೆಟ್ಟು, ಕಾರಣವಿಲ್ಲದೆ ಕೂಗತೊಡಗಿತು. ಮೂರನೆಯದಕ್ಕೆ ಬಿಸಿ ತಾಳುವ ಸಿಲಿಕಾನ್ ಟ್ರಾನ್ಸಿಸ್ಟರ್ ಹಾಕಿದೆ. ಉಪ್ಪುಗಾಳಿಗೆ ಏನು ಮಾಡುವುದು? ನಮ್ಮ ಕಡೆ ದೋಣಿಯ ಹಲಗೆಗೆ ಉಪ್ಪುನೀರು ಹಿಡಿಯದಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ. ಹಲಗೆಗೆ ಆದದ್ದು ಸರ್ಕಿಟಿಗೆ ಯಾಕಾಗಬಾರದು? ಕಾರ್ಕಳದ ಗೇರುಬೀಜ ಕಾರ್ಖಾನೆಯಿಂದ ತಂದು, ಕಾಸಿ ಮಂದ ಮಾಡಿ ಬಳಿದೆ. ಆ ಎಣ್ಣೆ ತಾಗಿ ಬೆರಳ ಚರ್ಮ ಸುಲಿದುಹೋಯಿತು. ಆಮೇಲೆ ಕಟಪಾಡಿಯ ನಮ್ಮ ಮನೆಯಲ್ಲಿ, ಇಡ್ಲಿ ಪಾತ್ರೆಗೆ ಕಡಲ ನೀರು ಹಾಕಿ ಡಬ್ಬಿಯನ್ನು ಹಬೆಯಲ್ಲಿಟ್ಟೆ.

“ನಿನ್ನ ಟ್ರಾನ್ಸಿಸ್ಟರ್ ಬೇಯಿಸಲಿಕ್ಕೆ ನನ್ನ ಇಡ್ಲಿ ಪಾತ್ರೆಯೇ ಆಗಬೇಕಾ?” ಎಂದು ಅಮ್ಮ ರೇಗಿದಳು. ಡಬ್ಬಿ ಬೇಯಲಿಲ್ಲ. ಮರುದಿನದ ಇಡ್ಲಿ ಮಾತ್ರ ಉಪ್ಪುಪ್ಪಾಗಿತ್ತು.

ಮಳೆಗಾಲ ಮುಗಿದು ದೋಣಿಗಳು ಕಡಲಿಗಿಳಿದವು; ಮಾವನ ದೋಣಿಯಲ್ಲಿ ಮೂರನೆಯ ಡಬ್ಬಿಯೂ ಇತ್ತು. ಒಂದು ಮಧ್ಯಾಹ್ನ ಅತ್ತೆ ಬಸ್ಸಿಳಿದು ನಮ್ಮ ಮನೆಗೆ ಓಡುತ್ತಾ ಬಂದರು. ನಾನು ಎದುರಿಗೆ ಓಡಿದೆ.

“ಕೂಗಿತಂತೆ! ಇಂಜಿನಿಗೆ ನೀರು ಬರುವ ಪೈಪು ಕಟ್ಟಿಕೊಂಡಿತ್ತಂತೆ. ಬೇಗ ಬಂದ್ ಮಾಡಿ, ಪೈಪು ಬಿಡಿಸಿಕೊಂಡು ಬಂದರು. ಮನೆಯಲ್ಲಿ ಊಟ ಮಾಡುತ್ತಾ ಇದ್ದಾರೆ,” ಎಂದು ನನ್ನ ಕೈ ಹಿಡಿದು ಅತ್ತುಬಿಟ್ಟರು. ಮತ್ತೆ ದನಿ ತಗ್ಗಿಸಿ, “ನೀನು ಬೈಯಬಾರದು. ನಿನಗೆ ಹೇಳದೆ ಈ ಸಲವೂ ಕಾಯಿನೀರು ಹೊಯ್ದಿದ್ದೆ. ಹೊಯ್ಯದೆ ಅವರನ್ನು ಹೇಗೆ ಕಳಿಸುವುದು?” ಎಂದರು.

“ಗೊತ್ತಿತ್ತು ಅತ್ತೆ,” ಎಂದೆ. “ಕೊಡುವ ಮೊದಲೇ ನಾನೂ ಒಂದು ಕಾಯಿ ಒಡೆದು ಹೊಯ್ದು ನೋಡಿದ್ದೆ.”